ಡಿ ಅಂಡ್ ಡಿ ಆಡಲು ಹೊಸ ಗುಂಪು: ಕೆಫೆ, ಡಿಸ್ಕಾರ್ಡ್, ದುಡ್ಡಿನ ಮೇಜು, ಮನೆಯ ಮೇಜು

ಹಳೆಯ ಗುಂಪಿನ ಇಬ್ಬರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿ, ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ, ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ) ಕ್ಯಾಂಪೇನ್, ಅಂದರೆ ಹಲವು ಕೂಟಗಳವರೆಗೆ ಸಾಗುವ ಕಥೆ, ಅರ್ಧಕ್ಕೇ ನಿಂತ ಮೇಲೆ, ಬೆಂಗಳೂರಿನಲ್ಲಿ ಇದ್ದುಕೊಂಡು ಹೊಸ ಗುಂಪು ಸೇರಲು ನನಗೆ ನಾಲ್ಕು ದಾರಿಗಳು ಕಂಡವು. ಬೋರ್ಡ್ ಗೇಮ್ ಕೆಫೆಯ ಮುಕ್ತ ಮೇಜು, ಡಿಸ್ಕಾರ್ಡ್‌ನಲ್ಲಿ (ಆನ್‌ಲೈನ್ ಮಾತುಕತೆಯ ಆ್ಯಪ್) ಸಿಗುವ ವಿದೇಶಿ ಗುಂಪು, ಶುಲ್ಕ ಪಡೆದು ಆಡಿಸುವ ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸುವವರು), ಮತ್ತು ಪರಿಚಯದವರನ್ನೇ ಕೂರಿಸಿಕೊಂಡು ಮನೆಯಲ್ಲಿ ಕಟ್ಟುವ ಮೇಜು. ನಾಲ್ಕನ್ನೂ ಆಡಿ ನೋಡಿದ್ದೇನೆ. ನನ್ನ ಒಲವು ಮನೆಯ ಮೇಜಿನ ಕಡೆಗೇ ಇದೆ ಎಂದು ಮೊದಲೇ ಹೇಳಿಬಿಡುವುದು ಮೇಲು, ಏಕೆಂದರೆ ಮುಂದಿನ ಮಾತುಗಳಲ್ಲಿ ಅದು ಹೇಗೂ ಬಯಲಾಗುತ್ತದೆ.

ಕೆಫೆಯ ಮೇಜಿಗೆ ಪುಸ್ತಕ, ದಾಳ ಯಾವುದನ್ನೂ ಒಯ್ಯಬೇಕಾಗಿಲ್ಲ. ಮೊದಲೇ ತಯಾರಿಸಿಟ್ಟ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರಗಳ ಹಾಳೆ) ಕೈಗೆ ಕೊಡುತ್ತಾರೆ, ಒಂದೇ ಕೂಟದಲ್ಲಿ ಮುಗಿಯುವ ಮೂರು ಗಂಟೆಗಳ ಒನ್‌ಶಾಟ್ ಮುಗಿಸಿ ಎದ್ದು ಬರಬಹುದು. ನಾನು ಕೆಂಗೇರಿಯವನಾದ್ದರಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಬದಲಾಯಿಸದೆ ಇಂದಿರಾನಗರದವರೆಗೂ ಹೋಗಿ ಬರುವುದು ಸಲೀಸಾಗಿಯೇ ಇತ್ತು. ಆದರೆ ಪ್ರತಿ ಸಲವೂ ಹೊಸ ಮುಖಗಳು, ಹೊಸ ಪಾತ್ರಗಳು; ಕಳೆದ ಬಾರಿ ಯಾರಿಗೆ ಮಾತು ಕೊಟ್ಟೆವು, ಯಾರಿಗೆ ಮೋಸ ಮಾಡಿದೆವು ಎಂಬುದಕ್ಕೆ ಅಲ್ಲಿ ಯಾವ ಪರಿಣಾಮವೂ ಇರುವುದಿಲ್ಲ. ನನಗೆ ಈ ಆಟದಲ್ಲಿ ರುಚಿಸುವುದೇ ಆ ಪರಿಣಾಮ.

ಶುಲ್ಕದ ಮೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಎಂ ಅವರ ಸಿದ್ಧತೆ ಅಚ್ಚುಕಟ್ಟಾಗಿತ್ತು, ಆಟ ಹೇಳಿದ ಹೊತ್ತಿಗೇ ಶುರುವಾಗುತ್ತಿತ್ತು. ಆದರೆ ಒಂದು ಸೆಷನ್‌ಗೆ ತಲಾ 15ರಿಂದ 20 ಡಾಲರ್ ಎಂದರೆ, ವಾರಕ್ಕೊಮ್ಮೆ ಆಡುವವನಿಗೆ ತಿಂಗಳಿಗೆ ಐದು ಸಾವಿರ ರೂಪಾಯಿ ದಾಟುತ್ತದೆ. ನನ್ನ ಹವ್ಯಾಸದ ಬಜೆಟ್ ಅಷ್ಟು ದೊಡ್ಡದಲ್ಲ.

ಡಿಸ್ಕಾರ್ಡ್ ಗುಂಪಿನದು ಬೇರೆಯೇ ಕಥೆ. ಆಟಗಾರರು ಒಳ್ಳೆಯವರು. ಯಾವ ಬಗೆಯ ದೃಶ್ಯಗಳು ಬೇಡ ಎಂಬುದನ್ನು ಸೆಷನ್ ಝೀರೋದಲ್ಲೇ, ಅಂದರೆ ಆಟಕ್ಕೆ ಮುಂಚಿನ ಕೂಟದಲ್ಲೇ, ಕೂತು ಮಾತಾಡಿಕೊಂಡಿದ್ದು, ಮತ್ತು ಆಟದ ನಡುವೆ ಯಾರಿಗಾದರೂ ಮುಜುಗರವಾದರೆ ಕಾರಣ ಕೇಳದೆ ಆ ದೃಶ್ಯವನ್ನು ಬಿಟ್ಟು ಮುಂದೆ ಸಾಗುವ ಎಕ್ಸ್ ಕಾರ್ಡ್ ಪದ್ಧತಿ, ಇವೆರಡನ್ನೂ ನಾನು ಕಲಿತದ್ದು ಅಲ್ಲಿಯೇ. ಖರ್ಚೂ ಇರಲಿಲ್ಲ, ಆನ್‌ಲೈನಿನಲ್ಲಿ ಆಟದ ಮೇಜು ಒದಗಿಸುವ ಫೌಂಡ್ರಿ ತಂತ್ರಾಂಶದ ಪರವಾನಗಿಯನ್ನು ಆಡಿಸುವವರೊಬ್ಬರು ಕೊಂಡರೆ ಸಾಕು, ಉಳಿದವರು ಬ್ರೌಸರ್‌ನಲ್ಲಿ ಪುಕ್ಕಟೆಯಾಗಿ ಸೇರಿಕೊಳ್ಳಬಹುದು.

ತೊಡಕಾದದ್ದು ಗಡಿಯಾರ. ಡಿಎಂ ಇದ್ದದ್ದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ಒಬ್ಬ ಆಟಗಾರ ಜರ್ಮನಿಯಲ್ಲಿ, ನಾನು ಇಲ್ಲಿ. ಅವರ ಶನಿವಾರ ಮಧ್ಯಾಹ್ನ ಎರಡು ಗಂಟೆಯೆಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಹನ್ನೊಂದೂವರೆ. ಅದನ್ನು ಹೇಗೋ ನಿಭಾಯಿಸಬಹುದಿತ್ತು. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಅಲ್ಲಿಂದ ಮುಂದೆ ಅದೇ ಆಟ ನಮ್ಮ ಪಾಲಿಗೆ ರಾತ್ರಿ ಹನ್ನೆರಡೂವರೆಗೆ ಆರಂಭವಾಗುತ್ತದೆ, ಅಂದರೆ ಲೆಕ್ಕಕ್ಕೆ ಭಾನುವಾರ, ಮುಗಿಯುವಾಗ ನಾಲ್ಕು ಗಂಟೆ. ಯುರೋಪಿನವರು ತಮ್ಮ ಗಡಿಯಾರವನ್ನು ಅಕ್ಟೋಬರ್‌ನ ಕೊನೆಯ ಭಾನುವಾರವೇ ತಿರುಗಿಸಿರುತ್ತಾರೆ. ವಸಂತದಲ್ಲಿ ಇದೇ ತಿರುವುಮುರುವು: ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ, ಯುರೋಪು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಜರ್ಮನಿಯವರು ತಮ್ಮ ಎಂದಿನ ಗಡಿಯಾರದ ಹೊತ್ತಿಗೇ ಬಂದು ಒಂದು ಗಂಟೆ ತಡವಾಗುತ್ತಿದ್ದರು, ಅವರು ಬರುವವರೆಗೆ ನಾನು ತೂಕಡಿಸುತ್ತಿದ್ದೆ.

ಪ್ರತಿಯೊಬ್ಬರಿಗೂ ಅವರವರ ಊರಿನ ಸಮಯವನ್ನೇ ತೋರಿಸುವ ಸೌಲಭ್ಯ ಡಿಸ್ಕಾರ್ಡ್‌ನಲ್ಲಿ ಇದೆ, ಅದನ್ನು ಬಳಸಿದರೆ ಗೊಂದಲವೇನೋ ನೀಗುತ್ತದೆ. ಆದರೆ ಎಷ್ಟು ಗಂಟೆಗೆ ಎದ್ದಿರಬೇಕು ಎಂದು ತಿಳಿಯುವುದು ಬೇರೆ, ಆ ಹೊತ್ತಿನಲ್ಲಿ ಆಡುವುದು ಬೇರೆ. ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿರುವಾಗ, ರಾತ್ರಿ ಎರಡು ಗಂಟೆಗೆ, ರಣರಂಗದಲ್ಲಿ ಅಬ್ಬರಿಸಬೇಕಾದ ನನ್ನ ಪಾತ್ರ, ಬಾರ್ಬೇರಿಯನ್ ಯೋಧ, ನನ್ನ ಬಾಯಲ್ಲಿ ಪಿಸುಗುಟ್ಟುತ್ತಿದ್ದ. ಚಳಿಗಾಲದಲ್ಲಿ ಒಂದು ಭಾನುವಾರವೂ ನನ್ನ ಪಾಲಿಗೆ ಪೂರ್ತಿಯಾಗಿ ಸಿಗಲಿಲ್ಲ. ರಾತ್ರಿ ಹತ್ತಕ್ಕೆ ಮಲಗುವ ಅಭ್ಯಾಸವಿಲ್ಲದವರಿಗೆ, ಒಬ್ಬರೇ ಇರುವವರಿಗೆ, ಇದು ಇಷ್ಟು ದೊಡ್ಡ ಸಂಗತಿಯಾಗಿ ಕಾಣದಿರಬಹುದು.

ಮನೆಯ ಮೇಜಿಗೆ ಬಂದವರು ಎದುರು ಮನೆಯ ದಂಪತಿ, ಒಬ್ಬ ಸಹೋದ್ಯೋಗಿ, ಮತ್ತು ಕೆಫೆಯಲ್ಲಿ ಪರಿಚಯವಾದ ಒಬ್ಬರು. ಮೊದಲ ಮೂವರು ಇಪ್ಪತ್ತು ಮುಖದ ದಾಳವನ್ನು ಎಂದೂ ಕಂಡವರಲ್ಲ. ಐದನೆಯ ಆವೃತ್ತಿಯ ಮೂಲ ನಿಯಮಗಳಾದ ಎಸ್‌ಆರ್‌ಡಿ 5.1 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತಿರುವುದರಿಂದ, ಯಾರ ಅನುಮತಿಯನ್ನೂ ಕೇಳದೆ ಅದರಲ್ಲಿ ಬೇಕಾದಷ್ಟನ್ನು ಕನ್ನಡದಲ್ಲಿ ಎರಡು ಹಾಳೆಗೆ ಇಳಿಸಿ, ಜೆರಾಕ್ಸ್ ಮಾಡಿಸಿ ಹಂಚಿದೆ. ಎಸ್‌ಆರ್‌ಡಿಯಲ್ಲಿ ಒಂದೊಂದು ಕ್ಲಾಸ್‌ಗೆ (ಯೋಧ, ಮಾಂತ್ರಿಕ ಮುಂತಾದ ಪಾತ್ರದ ಬಗೆ) ಒಂದೇ ಸಬ್‌ಕ್ಲಾಸ್ (ಅದರ ಒಳಬಗೆ) ಇದೆ. ಹೊಸಬರಿಗೆ ಅದೇ ಅನುಕೂಲ, ಆಯ್ಕೆಯಲ್ಲೇ ಒಂದು ಸಂಜೆ ಕಳೆದುಹೋಗುವುದಿಲ್ಲ. ದಾಳದ ಸೆಟ್ಟುಗಳನ್ನು ಬಿಟ್ಟರೆ ಖರ್ಚಾದದ್ದು ಚಹಾ ಮತ್ತು ಮಂಡಕ್ಕಿಗೆ.

ಇಲ್ಲಿ ಆಟ ಕನ್ನಡದಲ್ಲಿ ನಡೆಯುತ್ತದೆ, ಅದರಿಂದಾದ ವ್ಯತ್ಯಾಸವನ್ನು ನಾನು ಊಹಿಸಿರಲಿಲ್ಲ. ಇಂಗ್ಲಿಷ್ ಮೇಜಿನಲ್ಲಿ ನಾವೆಲ್ಲ ದಾಳ ಉರುಳಿಸಿ ಸಂಖ್ಯೆ ಹೇಳುವುದೇ ಹೆಚ್ಚು. ಇಲ್ಲಿ ಎದುರು ಮನೆಯ ಅಕ್ಕ, ತಾಳಮದ್ದಲೆಯ ಅರ್ಥಧಾರಿ ವೇಷವಿಲ್ಲದೆ ಕುಳಿತಲ್ಲೇ ಮಾತಿನಿಂದ ಪಾತ್ರವನ್ನು ನಿಲ್ಲಿಸುವ ಹಾಗೆ, ಸುಂಕದ ಕಟ್ಟೆಯ ಕಾವಲುಗಾರನೊಡನೆ ಅರ್ಧ ಗಂಟೆ ವಾದ ಹೂಡಿ, ಕೊನೆಗೆ ನಾನು ದಾಳ ಉರುಳಿಸಿ ಎಂದಾಗ, ಇಷ್ಟು ಮಾತಾಡಿದ ಮೇಲೂ ದಾಳವೇಕೆ ಎಂದು ನನ್ನೊಡನೆಯೇ ಜಗಳಕ್ಕೆ ನಿಂತರು. ಕಾವಲುಗಾರ ಅವರನ್ನು ಬಿಟ್ಟುಬಿಟ್ಟ.

ಕೊರತೆ ಇಲ್ಲದಿಲ್ಲ. ಯಾವಾಗಲೂ ನಾನೇ ಡಿಎಂ, ಆದ್ದರಿಂದ ನನ್ನದೇ ಪಾತ್ರವೊಂದನ್ನು ಆಡುವ ಸುಖ ಸದ್ಯಕ್ಕಿಲ್ಲ, ಮತ್ತು ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿ ಸಿದ್ಧತೆಗೆ ಹೋಗುತ್ತದೆ. ಆಡಿಸುವುದಕ್ಕಿಂತ ಆಡುವುದೇ ಮುಖ್ಯವೆನ್ನುವವರು ಕೆಫೆಗೇ ಹೋಗಲಿ. ದುಡ್ಡಿದ್ದು ಸಮಯವಿಲ್ಲದವರಿಗೆ ಶುಲ್ಕದ ಮೇಜೂ ಅಡ್ಡಿಯಿಲ್ಲ. ನನಗೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಆರಂಭಿಸಿ ರಾತ್ರಿಯ ಅಡುಗೆಯ ಹೊತ್ತಿಗೆ ಮುಗಿಸುವ ಈ ಮೇಜೇ ಸರಿ.

ಪರಿಚಯದವರಲ್ಲಿ ಯಾರೂ ಸಿಗದಿದ್ದರೆ ಕೆಲವು ಒನ್‌ಶಾಟ್‌ಗಳಿಗೆ ಹೋಗಿ, ಚೆನ್ನಾಗಿ ಆಡುವವರಿಗಿಂತ ಹತ್ತಿರದಲ್ಲಿ ಇರುವವರನ್ನು ಹುಡುಕಿ. ಕೆಫೆಯಲ್ಲಿ ಸಿಕ್ಕ ನಮ್ಮ ನಾಲ್ಕನೆಯವರ ಮನೆ ರಾಜರಾಜೇಶ್ವರಿ ನಗರದಲ್ಲಿದೆ ಎಂದು ತಿಳಿದ ಮೇಲೆಯೇ ನಾನು ಅವರ ಫೋನ್ ನಂಬರ್ ಕೇಳಿದ್ದು.