ಎಫ್1 ಬಟ್ಟೋ, ತಾನೇ ಕ್ಯಾಲಿಬ್ರೇಟ್ ಆಗುವ ಬ್ಯಾಲೆನ್ಸೋ: ಕೊಡಗಿನ ಕಾಫಿ ಲ್ಯಾಬಿಗೆ ಯಾವುದು ವಾಸಿ?

ಮಿಲಿಗ್ರಾಂ ತೋರಿಸುವ ಬ್ಯಾಲೆನ್ಸ್ ಇಟ್ಟುಕೊಂಡ ಸಣ್ಣ ಕಾಫಿ ಲ್ಯಾಬಿಗೆ ನನ್ನ ಓಟು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಸರ್ಟಿಫಿಕೇಟ್ ಇರುವ ಎಫ್1 ಸ್ಟೀಲ್ ಬಟ್ಟುಗಳಿಗೆ. ಎಫ್1, ಎಂ1, ಇ2 ಎಂಬುವು ಬಟ್ಟಿನ ನಿಖರತೆಯ ದರ್ಜೆಗಳು: ಈ ಮೂರರಲ್ಲಿ ಇ2 ಹೆಚ್ಚು ನಿಖರ, ಎಂ1 ಕಡಿಮೆ, ಎಫ್1 ನಡುವಿನದು. ಇಡೀ ಪೆಟ್ಟಿಗೆ ಬೇಡ. 200, 100, 50, 10 ಗ್ರಾಂ, ನಾಲ್ಕೇ ಸಾಕು. ಎದುರಿಗೆ ನಿಲ್ಲುವುದು ಎರಡು: ತನ್ನೊಳಗಿನ ಬಟ್ಟನ್ನು ಮೋಟಾರಿನಿಂದ ಇಳಿಸಿ ತಾನೇ ಸರಿಮಾಡಿಕೊಳ್ಳುವ ಬ್ಯಾಲೆನ್ಸ್, ಮತ್ತು ಅಗ್ಗದ ಎಂ1 ಬಟ್ಟು.

ಎಂ1ನದು ಎರಡು ಮಾತಿನಲ್ಲಿ ಮುಗಿಯುತ್ತದೆ. ಬಟ್ಟುಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ ಒಐಎಂಎಲ್ ಆರ್111 ಪ್ರಕಾರ 200 ಗ್ರಾಂ ಬಟ್ಟು ಎಂ1 ಆದರೆ 10 ಮಿಲಿಗ್ರಾಂ ಆಚೀಚೆ ಇರಬಹುದು, ಎಫ್1 ಆದರೆ 1 ಮಿಲಿಗ್ರಾಂ. ಹಿತ್ತಾಳೆಯದಾದರೆ ಮಳೆಯ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ಕಿಲುಬು ಹಿಡಿದಿರುತ್ತದೆ. 50 ಕೆಜಿ ಚೀಲ ತೂಗುವ ಪ್ಲಾಟ್‌ಫಾರಂ ತಕ್ಕಡಿಗೆ ಎರಕದ ಕಬ್ಬಿಣದ 20 ಕೆಜಿ ಎಂ1 ಧಾರಾಳ ಸಾಕು. ಲ್ಯಾಬಿನ ಮೇಜಿಗೆ ಬೇಡ. ಇ2 ಬಟ್ಟು (200 ಗ್ರಾಂಗೆ 0.3 ಮಿಲಿಗ್ರಾಂ) 0.1 ಮಿಲಿಗ್ರಾಂ ತೋರಿಸುವ ಬ್ಯಾಲೆನ್ಸ್ ಇದ್ದವರಿಗೆ ಮಾತ್ರ.

ಎಲೆಕ್ಟ್ರಾನಿಕ್ ಬ್ಯಾಲೆನ್ಸ್ ಅಳೆಯುವುದು ದ್ರವ್ಯರಾಶಿಯನ್ನಲ್ಲ, ಭೂಮಿ ಅದನ್ನು ಎಳೆಯುವ ಬಲವನ್ನು. ಮಂಗಳೂರಿನಲ್ಲಿ ಸರಿಮಾಡಿ ತಂದದ್ದನ್ನು ಮಡಿಕೇರಿಯಲ್ಲಿ ಹಾಗೇ ಚಾಲೂ ಮಾಡಿದರೆ 200 ಗ್ರಾಂಗೆ ಸುಮಾರು 50ರಿಂದ 70 ಮಿಲಿಗ್ರಾಂ ಕಡಿಮೆ ತೋರಿಸುತ್ತದೆ. ಜಿಲ್ಲೆಯ ಒಳಗೂ ಇದು ತಪ್ಪಿದ್ದಲ್ಲ. ಕುಶಾಲನಗರಕ್ಕೂ ಮಡಿಕೇರಿಗೂ ಸುಮಾರು 300 ಮೀಟರ್ ಎತ್ತರದ ವ್ಯತ್ಯಾಸ. ಅಷ್ಟಕ್ಕೇ 12ರಿಂದ 20 ಮಿಲಿಗ್ರಾಂ ಹೋಗುತ್ತದೆ. ಹಾಗಾಗಿ ಮಾರಾಟಗಾರ ತನ್ನ ಅಂಗಡಿಯಲ್ಲಿ ಮಾಡಿಕೊಟ್ಟ ಕ್ಯಾಲಿಬ್ರೇಶನ್ ಇಲ್ಲಿ ಲೆಕ್ಕಕ್ಕಿಲ್ಲ. ಈ ವಿಷಯದಲ್ಲಿ ಒಳಬಟ್ಟಿನ ಬ್ಯಾಲೆನ್ಸಿಗೆ ಪೂರ್ತಿ ಅಂಕ ಕೊಡಬೇಕು: ಎಲ್ಲಿ ಇಟ್ಟರೂ ಗುಂಡಿ ಒತ್ತಿದ ಕೂಡಲೇ ಅಲ್ಲಿಯ ಗುರುತ್ವಕ್ಕೆ ಹೊಂದಿಕೊಳ್ಳುತ್ತದೆ.

ಅದು ಕೈಕೊಡುವುದು ಕರೆಂಟಿನ ವಿಷಯದಲ್ಲಿ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಸುದ್ದಿಯೇ ಅಲ್ಲ. ಕರೆಂಟು ಬಂದಾಗ ಬ್ಯಾಲೆನ್ಸಿನ ಒಳಗಿನ ಭಾಗಗಳು ತಣ್ಣಗಿರುತ್ತವೆ. ಕೆಲವು ಮಾದರಿಗಳು ಚಾಲೂ ಆದ ತಕ್ಷಣ, ಅದೇ ತಣ್ಣಗಿನ ಸ್ಥಿತಿಯಲ್ಲಿ, ತಮ್ಮನ್ನು ತಾವೇ ಕ್ಯಾಲಿಬ್ರೇಟ್ ಮಾಡಿಕೊಂಡುಬಿಡುತ್ತವೆ. ಪರದೆಯ ಮೇಲೆ ಎಲ್ಲ ಸರಿ ಎಂಬ ಗುರುತೂ ಬರುತ್ತದೆ. ಆಮೇಲೆ ಒಳಗೆ ಬಿಸಿಯೇರುತ್ತ ಹೋದಂತೆ ಓದು, ಅಂದರೆ ಪರದೆಯ ಅಂಕೆ, ಮೆಲ್ಲಗೆ ಸರಿಯುತ್ತದೆ. ಹೊರಗಿನ ಬಟ್ಟು ಕೈಯಲ್ಲಿ ಇಲ್ಲದವರಿಗೆ ಅದು ಗೊತ್ತಾಗುವುದೇ ಇಲ್ಲ.

ಕೆಲವು ಮಾದರಿಗಳು ಉಷ್ಣಾಂಶ ಬದಲಾದರೆ ಮತ್ತೊಮ್ಮೆ ತಾವೇ ಕ್ಯಾಲಿಬ್ರೇಟ್ ಆಗುತ್ತವೆ. ಕೇಳಲು ಚೆನ್ನ. ಆದರೆ ಹಸಿರು ಕಾಫಿಬೀಜದ ತೇವಾಂಶವನ್ನು ಓವನ್ನಿನಲ್ಲಿ ನೋಡುವವರು ಮೊದಲು ತೂಗಿ, 105 ಡಿಗ್ರಿಯಲ್ಲಿ 16 ಗಂಟೆ ಇಟ್ಟು, ಮತ್ತೆ ತೂಗುತ್ತಾರೆ. ಫಲಿತಾಂಶ ಶೇಕಡಾ ಲೆಕ್ಕದಲ್ಲಿ ಬರುವುದರಿಂದ ಎರಡು ಸಲವೂ ಒಂದೇ ಪ್ರಮಾಣದ ತಪ್ಪಿದ್ದರೆ ಅದು ಹೊಡೆದುಹೋಗುತ್ತದೆ. ಗುರುತ್ವದ ತಪ್ಪು ಕೂಡ ಹಾಗೆಯೇ. ಹೊಡೆದುಹೋಗದೆ ಉಳಿಯುವುದು ಎರಡು ತೂಕಗಳ ನಡುವೆ ಸರಿದದ್ದು. 100 ಗ್ರಾಂ ಗಾಜಿನ ತಟ್ಟೆಯಲ್ಲಿ 10 ಗ್ರಾಂ ಬೀಜ ಇಟ್ಟಾಗ ಬ್ಯಾಲೆನ್ಸ್ ಲಕ್ಷಕ್ಕೆ ಐದು ಭಾಗ ಸರಿದರೂ 5 ಮಿಲಿಗ್ರಾಂ ದಾಟುತ್ತದೆ, ಅಂದರೆ ತೇವಾಂಶದಲ್ಲಿ ಶೇಕಡಾ 0.05. 20 ಗ್ರಾಂ ಅಲ್ಯೂಮಿನಿಯಂ ಡಬ್ಬಿ ಬಳಸಿದರೆ ಅದೇ ತಪ್ಪು 1.5 ಮಿಲಿಗ್ರಾಂಗೆ ಇಳಿಯುತ್ತದೆ. ಮಧ್ಯೆ ಕರೆಂಟು ಹೋಗಿ ಬಂದು ಬ್ಯಾಲೆನ್ಸ್ ತಾನಾಗಿ ಹೊಂದಿಕೊಂಡಿದ್ದರೆ ಎರಡನೆಯ ತೂಕವನ್ನು ಮೊದಲನೆಯದರ ಪಕ್ಕ ಬರೆಯಲು ಧೈರ್ಯ ಸಾಲದು. ಎರಡು ಸಲವೂ ತೂಗುವ ಮುಂಚೆ 100 ಗ್ರಾಂ ಎಫ್1 ಇಟ್ಟು ಓದು ಬರೆದಿಟ್ಟರೆ ಎಷ್ಟು ಸರಿಯಿತೆಂಬುದು ಪುಸ್ತಕದಲ್ಲೇ ಇರುತ್ತದೆ.

ಒಳಬಟ್ಟಿನ ಮೇಲೆ ದೂಳು ಕೂತರೆ, ಅದನ್ನು ಎತ್ತಿಳಿಸುವ ಸನ್ನೆ ಉಜ್ಜಿದರೆ ಯಂತ್ರಕ್ಕೆ ತಿಳಿಯುವುದಿಲ್ಲ, ನಿಮಗೆ ಕಾಣುವುದಿಲ್ಲ, ತೆಗೆದು ತೋರಿಸಲೂ ಆಗುವುದಿಲ್ಲ. ಆಡಿಟ್‌ಗೆ ಬಂದವರು ಕೇಳುವುದು ಹೊರಗಿನ ಬಟ್ಟಿನ ಸರ್ಟಿಫಿಕೇಟನ್ನೇ. ತೂಕ ಅಳತೆ ಇಲಾಖೆಯ ಮುದ್ರೆ ವ್ಯಾಪಾರದ ತಕ್ಕಡಿಗೆ. ಅದನ್ನು ತೋರಿಸಿ ಇಲ್ಲಿ ಪಾರಾಗಲಾಗದು.

ಎಫ್1ಗೂ ಅದರದ್ದೇ ಕಾಟವಿದೆ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಪ್ಲಾಸ್ಟಿಕ್ ತುದಿಯ ಚಿಮಟವೋ ಗ್ಲೌಸೋ ಬೇಕು. ಮೇಲಿನ ಗುಬುಟು ತಿರುಪಿನದಾದರೆ ಒಳಗೆ ಪೊಳ್ಳಿರುತ್ತದೆ, ಆಲ್ಕೋಹಾಲಿನಲ್ಲಿ ಅದ್ದಬೇಡಿ. ದ್ರವ ಒಳಗೆ ಉಳಿಯುತ್ತದೆ. ಬಟ್ಟೆಯಿಂದ ಒರೆಸಿದರೂ ಒಂದೆರಡು ದಿನ ಬಿಟ್ಟೇ ಬಳಸಬೇಕು. ವೆಲ್ವೆಟ್ ಹಾಸಿದ ಮರದ ಪೆಟ್ಟಿಗೆ ನೋಡಲು ಚೆಂದ, ಜುಲೈನಲ್ಲಿ ಬೂಸ್ಟು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಜೊತೆ ಇಡುವುದು ಮೇಲು. ಆ ಸಿಲಿಕಾ ಜೆಲ್ಲನ್ನು ಬ್ಯಾಲೆನ್ಸಿನ ಗಾಜಿನ ಮನೆಯೊಳಗೆ ಮಾತ್ರ ಇಡಬೇಡಿ. ಒಳಗೆ ಗಾಳಿ ಅಲುಗುತ್ತದೆ, ಒಣಗಿದಷ್ಟೂ ಸ್ಥಾಯೀ ವಿದ್ಯುತ್ತು ಹೆಚ್ಚುತ್ತದೆ, ಓದು ನಿಲ್ಲುವುದೇ ಇಲ್ಲ.

ಪರೀಕ್ಷೆಯ ಕ್ರಮ ಚಿಕ್ಕದು. ಬಟ್ಟುಗಳನ್ನು ಹಿಂದಿನ ರಾತ್ರಿಯೇ ಬ್ಯಾಲೆನ್ಸಿನ ಪಕ್ಕ ಇಡಿ. ಬ್ಯಾಲೆನ್ಸ್ ರಾತ್ರಿಯಿಡೀ ಚಾಲೂ ಇರಲಿ. ಬ್ಯಾಲೆನ್ಸ್ ಮಟ್ಟವಾಗಿದೆಯೇ ಎಂದು ತೋರಿಸುವ ನೀರ್ಗುಳ್ಳೆಯನ್ನು ನಡುವೆ ತನ್ನಿ. 200 ಗ್ರಾಂ ಒಮ್ಮೆ ಇಟ್ಟು ತೆಗೆದು ಸೊನ್ನೆ ಮಾಡಿ. ಸರಿಮಾಡುವ ಮೊದಲು ಕಂಡ ಓದನ್ನು ತಪ್ಪದೆ ಬರೆಯಿರಿ, ಆಮೇಲೆ ಬರೆಯುತ್ತೇನೆಂದರೆ ಸಾಕ್ಷಿಯೇ ಅಳಿಸಿಹೋಗುತ್ತದೆ. 50, 100, 150, 200 ಏರುತ್ತಾ, ಮತ್ತೆ ಇಳಿಯುತ್ತಾ ನೋಡಿ. ತಟ್ಟೆಯ ಅಂಚುಗಳಲ್ಲಿ ಇಟ್ಟು ನೋಡಲು ಬ್ಯಾಲೆನ್ಸಿನ ಗರಿಷ್ಠ ತೂಕದ ಮೂರನೇ ಒಂದರಷ್ಟು ಸಾಕು. ಒಂದೇ ಬಟ್ಟನ್ನು ಹತ್ತು ಸಲ ಇಟ್ಟು ತೆಗೆದಾಗ ಓದು ಚದರಿದರೆ ಕ್ಯಾಲಿಬ್ರೇಶನ್ನಿಗೆ ಕೈ ಹಾಕಬೇಡಿ. ಮೇಜು, ಗಾಳಿ, ತಟ್ಟೆಯ ಕೆಳಗಿನ ಕಸ ನೋಡಿ. 200 ಗ್ರಾಂಗೆ 3 ಮಿಲಿಗ್ರಾಂ ಮೀರಿದರೆ ಸರಿಮಾಡು ಎಂಬುದು ನನ್ನ ರೂಢಿ.

ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವುದಾದರೆ ಹೊರಬಟ್ಟಿನಿಂದ ಸರಿಮಾಡುವ ಸಾದಾ ಬ್ಯಾಲೆನ್ಸ್ ಕೊಂಡು, ಉಳಿದದ್ದನ್ನು ಎಫ್1ಗೂ ಒಂದು ಸಣ್ಣ ಯುಪಿಎಸ್‌ಗೂ ಹಾಕಿ. ಬ್ಯಾಲೆನ್ಸ್ ತಿನ್ನುವ ಕರೆಂಟು ಕೆಲವೇ ವ್ಯಾಟ್. ದಿನಕ್ಕೆ ನೂರಾರು ಸ್ಯಾಂಪಲ್ ತೂಗುವ, ಜನರೇಟರ್ ಇರುವ ಕ್ಯೂರಿಂಗ್ ವರ್ಕ್ಸಿಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಒಳಬಟ್ಟಿನದು ಸಮಯ ಉಳಿಸುತ್ತದೆ, ಆದರೂ 200 ಗ್ರಾಂ ಎಫ್1 ಒಂದು ಪಕ್ಕದಲ್ಲಿರಲಿ. ಮರು ಸರ್ಟಿಫಿಕೇಟಿಗೆ ಬಟ್ಟು ಕಳಿಸುವುದಿದ್ದರೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಮೇ ಹೊತ್ತಿಗೆ ಕಳಿಸಿ. ಬಂದ ಅಂಕೆಯನ್ನು ಹಳೆಯ ಸರ್ಟಿಫಿಕೇಟಿನ ಜೊತೆ ಇಟ್ಟು ನೋಡಿದ ಮೇಲೆಯೇ ಡಬ್ಬಿಗೆ ಹಾಕಿ.