ಮಗಳ ಪ್ರಾಜೆಕ್ಟಿಗೆ ಯಾವ ಮೊಲ? ಹಿಮದ್ದಾ, ನಮ್ಮ ಬ್ಯಾಣದ್ದಾ?
ತೀರ್ಥಹಳ್ಳಿ ಕಡೆ ನಮ್ಮನೆ (ಹುಲ್ಲುಗಾವಲಿಗೆ ಇಲ್ಲಿ ಬ್ಯಾಣ ಅಂತೀವಿ), ಮಗಳಿಗೆ ಸ್ಕೂಲಲ್ಲಿ ಕಾಡುಪ್ರಾಣಿ ಮೇಲೆ ಪ್ರಾಜೆಕ್ಟ್ ಕೊಟ್ಟಿದಾರೆ, ಅವಳಿಗೆ ಹಿಮದ ನಾಡಿನ ಸ್ನೋಶೂ ಮೊಲನೇ ಬೇಕಂತೆ. ನಿಮ್ಮನೇಲೂ ಇದೇ ಯೋಚನೆ ಇದ್ರೆ ಓದಿ.

ಸ್ನೋಶೂ ಇರೋದು ಕೆನಡಾ, ಅಲಾಸ್ಕಾದ ಸೂಚಿಪರ್ಣಿ (ಸೂಜಿಯಂಥ ಎಲೆ ಇರೋ ಮರಗಳ) ಕಾಡಲ್ಲಿ, ಕೆಳಗೆ ಪೊದೆ ದಟ್ಟ ಇರ್ಬೇಕು, ಇಲ್ಲಾಂದ್ರೆ ಲಿಂಕ್ಸ್ ಬೆಕ್ಕಿನ ಬಾಯಿಗೆ ಹೋಗುತ್ತೆ. ಬೇಸಿಗೇಲಿ ಕಂದು, ಚಳಿಗಾಲಕ್ಕೆ ಬಿಳಿ, ಅದೂ ಚಳಿ ನೋಡ್ಕೊಂಡಲ್ಲ, ಹಗಲು ಗಿಡ್ಡ ಆಗೋದನ್ನ ನೋಡ್ಕೊಂಡು ಬಣ್ಣ ಬದಲಾಗೋದು! ಹಿಮ ಈಗ ತಡವಾಗಿ ಬಿದ್ರೆ ಕಂದು ನೆಲದ ಮೇಲೆ ಬೆಳ್ಳಗೆ ಕೂತಿರುತ್ತೆ ಪಾಪ, ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಬೇಸಿಗೇಲಿ ಹುಲ್ಲು, ಕ್ಲೋವರ್ ಸೊಪ್ಪು. ಹಿಮ ಬಿದ್ಮೇಲೆ ವಿಲೋ, ಬರ್ಚ್ ಮರದ ಕಡ್ಡಿ, ಮೊಗ್ಗು, ತೊಗಟೆ.

ನಮ್ಮದು ಕುತ್ತಿಗೆ ಹಿಂದೆ ಕಪ್ಪು ಮಚ್ಚೆ ಇರೋ ಮೊಲ, ಬ್ಯಾಣ, ಕುರುಚಲು, ಗದ್ದೆ ಅಂಚು ಇದರ ಜಾಗ. ಹುಲ್ಲು, ಎಳೆ ಚಿಗುರು ತಿನ್ನುತ್ತೆ. ಎರಡೂ ಬಿಲ ತೋಡಲ್ಲ.

ನನ್ನ ಕೇಳಿದ್ರೆ ನಮ್ಮದೇ ತಗೊಳ್ಳಿ. ನಿನ್ನೆ ಬೆಳಿಗ್ಗೆ ಬ್ಯಾಣದಲ್ಲಿ ಗುಂಡಗಿನ ಒಣ ಹಿಕ್ಕೆ, ಪಕ್ಕದಲ್ಲೇ ಕತ್ತರಿಲಿ ಓರೆಯಾಗಿ ಕತ್ತರಿಸಿದಂಗಿದ್ದ ಚಿಗುರು ಸಿಕ್ತು, ಮಗಳು ಮಂಡಿಯೂರಿ ಕೂತು ನೋಡಿದ್ದೇ ನೋಡಿದ್ದು. ಬಣ್ಣ ಬದಲಾಗೋ ಕಥೆನೇ ಬರೀಬೇಕು ಅನ್ನೋರಿಗೆ ಮಾತ್ರ ಸ್ನೋಶೂ.