ಸಿಂಗಳೀಕವನ್ನು ಉಗಾಂಡಾಕ್ಕೆ ಕಳಿಸಿದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ (5ಕ್ಕೆ 3)

ಉಗಾಂಡಾದ ಫೋರ್ಟ್ ಪೋರ್ಟಲ್ ಸಮೀಪದ ಚಹಾ ತೋಟವೊಂದರಲ್ಲಿ ನನ್ನ ಕೆಲಸ. ಬೇಲಿಯಾಚೆ ಕಿಬಾಲೆ ಕಾಡು. ಚಿಂಪಾಂಜಿಯೂ ಸೇರಿ 13 ಜಾತಿಯ ವಾನರಗಳಿರುವ ಜಾಗ. ಕೂಲಿಯವರ ಮೆಕ್ಕೆಜೋಳ ಯಾರ ಹೊಟ್ಟೆ ಸೇರುತ್ತಿದೆ ಎಂದು ತಿಳಿಯಲು, ಪ್ರಾಣಿ ಎದುರು ಸುಳಿದರೆ ತಾನಾಗಿ ಚಿತ್ರ ತೆಗೆಯುವ ಈ ಕ್ಯಾಮೆರಾ ಕೊಂಡೆ. ಜೊತೆಗೆ ವಾರ್ಷಿಕ ಚಂದಾದ ಆ್ಯಪ್: ಚಿತ್ರ ಹಾಕಿದರೆ ಪ್ರಾಣಿಯ ಹೆಸರು ಹೇಳುತ್ತದೆ.

ಕ್ಯಾಮೆರಾ ಗಟ್ಟಿ. ಇಲ್ಲಿ ವರ್ಷಕ್ಕೆರಡು ಮಳೆಗಾಲ, ನಾಲ್ಕನ್ನೂ ದಾಟಿದೆ. ಒಮ್ಮೆ ಇರುವೆ ಗೂಡು ಕಟ್ಟಿದ್ದು ಬಿಟ್ಟರೆ ತೊಂದರೆಯಿಲ್ಲ.

ಆ್ಯಪ್‌ನ ಕಥೆ ಬೇರೆ. ಬಬೂನ್‌ಗೆ ತಪ್ಪಲಿಲ್ಲ. ಮೂಗಿನ ಮೇಲೆ ಬಿಳಿ ಬೊಟ್ಟಿರುವ ಕೆಂಪು ಬಾಲದ ಕೋತಿಗೂ ತಪ್ಪಲಿಲ್ಲ. ಮೂರನೇ ತಿಂಗಳು, ಬೆಳಗಿನ ಜಾವದ ಒಂದು ಚಿತ್ರ ಬಂತು. ಮರದಡಿ ಬೆಳಕು ಸಾಲದೆ ಕ್ಯಾಮೆರಾ ಇನ್‌ಫ್ರಾರೆಡ್‌ಗೆ ಹೊರಳಿ ಎಲ್ಲವೂ ಕಪ್ಪು-ಬಿಳುಪು. ಕಡು ಮೈ, ಕರಿ ಮುಖ, ಕೆನ್ನೆಯ ಎರಡೂ ಬದಿಗೆ ಹರಡಿದ ಬಿಳಿ ಗಡ್ಡ. ಬಾಲ ಚೌಕಟ್ಟಿನಾಚೆ. ಆ್ಯಪ್ ಹಸಿರು ಗುರುತು ಹಾಕಿ ಹೇಳಿತು: ಸಿಂಗಳೀಕ.

ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದ ಸಿಂಗಳೀಕ! ಅರ್ಧ ತಪ್ಪು ನನ್ನದೇ. ಖಾತೆಯನ್ನು ಶಿರಸಿಯ ಮನೆಯಲ್ಲಿ ತೆರೆದಿದ್ದೆ, ಸ್ಥಳ ಅಲ್ಲಿಯದೇ ಉಳಿದಿತ್ತು. ಸರಿಪಡಿಸಿದೆ. ಈಗ ಉತ್ತರ 'ಬ್ಲೂ ಮಂಕಿ'. ಅದಕ್ಕೆ ಈ ಪರಿಯ ಗಡ್ಡವಿಲ್ಲ, ಹೆಚ್ಚಾಗಿ ಮರದ ಮೇಲೆಯೇ ಇರುವ ಪ್ರಾಣಿ. ಗ್ರಾಹಕ ಸೇವೆಗೆ ಬರೆದರೆ ಮೂರು ವಾರದ ಬಳಿಕ ಒಂದೇ ಸಾಲು: ಸ್ಪಷ್ಟ ಚಿತ್ರ ಕಳಿಸಿ. ಅಡಿಕೆ ತೋಟದ ಮಂಗ ಓಡಿಸುತ್ತಾ ಬೆಳೆದವನಿಗೆ ಇದೊಂದು ಅವಮಾನ.

ಬಿಡಿ ಚಿತ್ರ ಬಿಟ್ಟು ಹದಿನೈದು ಸೆಕೆಂಡಿನ ವಿಡಿಯೊಗೆ ಬದಲಿಸಿದೆ. ಗಂಟು ಬಿಡಿಸಿದ್ದು ಅದೇ. ಪ್ರಾಣಿ ನೆಲದ ಮೇಲೆ ನಿಧಾನವಾಗಿ ನಡೆದು ಹೋಯಿತು, ಬಾಲ ಮೇಲಕ್ಕೆತ್ತಿ, ತುದಿ ಊರುಗೋಲಿನ ಹಿಡಿಯಂತೆ ಬಾಗಿಸಿ. ಇನ್ನೊಂದು ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಬಣ್ಣವೂ ಸಿಕ್ಕಿತು: ಬೆನ್ನಿನ ಮೇಲೆ ಜೀನು ಹಾಕಿದಂತೆ ಕಾವಿಗೆಂಪು ಪಟ್ಟೆ. ಕಿಬಾಲೆಯ ಮಾರ್ಗದರ್ಶಿಯೊಬ್ಬರಿಗೆ ಮೊಬೈಲ್ ತೋರಿಸಿದೆ. ನೋಡಿದ ಕೂಡಲೇ ಅಂದರು, ಲೋಯೆಸ್ಟ್ ಕೋತಿ. ಗುಡ್ಡಗಾಡಿನ ಮಳೆಕಾಡಿನದು, ಬಹುಪಾಲು ನೆಲದಲ್ಲೇ ಓಡಾಡುತ್ತದೆ. ಮೊಣಕಾಲೆತ್ತರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಅದು ಸಿಕ್ಕಿದ್ದು ಹಾಗೆ.

ಕೊಳ್ಳುವವರು ಮೊದಲು ಸ್ಥಳ ಸರಿಪಡಿಸಿಕೊಳ್ಳಿ, ಬಾಲವೂ ಕಾಣುವಷ್ಟು ದೂರದಲ್ಲಿ ಕ್ಯಾಮೆರಾ ಕಟ್ಟಿ. ಮೂರು ನಕ್ಷತ್ರವೂ ಕ್ಯಾಮೆರಾಕ್ಕೇ. ಆ್ಯಪ್‌ನ ಚಂದಾ ಈ ವರ್ಷ ಕಟ್ಟಲಿಲ್ಲ.

ಅಂದ ಹಾಗೆ, ಮೆಕ್ಕೆಜೋಳ ತಿನ್ನುತ್ತಿದ್ದದ್ದು ಬಬೂನ್‌ಗಳು.